ಹೊಂಗೆಮರದ ಹಾಸು

ತನ್ನ ಮೈಮೇಲೆ ನೇಯ್ದ ಹೂಗಳು ಎಂದೂ ಬಾಡುವುದಿಲ್ಲವೆಂದು ಒಂದು ಜಮಖಾನಕ್ಕೆ ಬಹಳ ಜಂಬವಿತ್ತು. ಒಂದು ಬೆಳಗ್ಗೆ ಅದು ಬುತ್ತಿಡಬ್ಬಿಯನ್ನೂ ಪೊರಕೆಯನ್ನೂ ಕರೆದುಕೊಂಡು ವನಭೋಜನಕ್ಕೆ ಹೊರಟಿತು. ನಗರದ ಪಾರ್ಕುಗಳನ್ನೆಲ್ಲ ಸುತ್ತಿದರೂ ಅದಕ್ಕೆ ಒಂದೂ ಹಿಡಿಸಲಿಲ್ಲ. ಒಂದರಲ್ಲಿ ಧೂಳು, ಇನ್ನೊಂದರಲ್ಲಿ ತರಗೆಲೆ.

"ನನ್ನೊಳಗಿನ ಚಿತ್ರಾನ್ನ ತಣ್ಣಗಾಯಿತು ಮಾರಾಯ," ಎಂದು ಡಬ್ಬಿ ಗೊಣಗಿತು.

ಕೊನೆಗೆ ಕೆರೆ ಪಕ್ಕದ ಪಾರ್ಕಿನಲ್ಲಿ, ಒಂದು ಹೊಂಗೆಮರದ ಕೆಳಗೆ ಮೂರೂ ನಿಂತವು. ನೆಲದ ತುಂಬ ಉದುರಿದ ಹೂ.

"ಇಲ್ಲೂ ಕಸವೇ! ಗುಡಿಸು," ಎಂದಿತು ಜಮಖಾನ.

ಪೊರಕೆ ಗುಡಿಸಿ ತಿರುಗಿ ನೋಡುವಷ್ಟರಲ್ಲಿ ನೆಲ ಮತ್ತೆ ಹೂವಾಗಿತ್ತು. ಮತ್ತೆ ಗುಡಿಸಿತು, ಮತ್ತೆ ಹೂ.

"ಏನಯ್ಯಾ ಮರವೇ, ನಾಲ್ಕು ಜನ ಕೂರುವ ಜಾಗದಲ್ಲಿ ಹೀಗೆ ಕಸ ಚೆಲ್ಲುವುದೇ?" ಎಂದು ಜಮಖಾನ ಗದರಿತು.

"ಚೆಲ್ಲುತ್ತಿಲ್ಲ, ಹಾಸುತ್ತಿದ್ದೇನೆ," ಎಂದಿತು ಮರ. "ಸ್ವಲ್ಪ ತಡೆಯಿರಿ, ಇನ್ನೂ ಮುಗಿದಿಲ್ಲ."

ಜಮಖಾನ ಮೊದಲ ಸಲ ತಲೆಯೆತ್ತಿ ನೋಡಿತು. ಆಕಾಶವೇ ಕಾಣದಷ್ಟು ಹೂ, ಹೂವಿನ ತುಂಬ ಜೇನ್ನೊಣಗಳ ಝೇಂಕಾರ. ಅದು ಆ ಹೂಗಳ ಮೇಲೇ ಮೈಚಾಚಿತು. ಹೂ ಅದರ ಮೇಲೂ ಸುರಿಯಿತು.

ಊಟ ಮುಗಿದು ಹೊರಡುವ ಹೊತ್ತಿಗೆ ಪೊರಕೆ, "ಬಾ, ನಿನ್ನ ಮೈ ಗುಡಿಸಿಬಿಡುತ್ತೇನೆ," ಎಂದಿತು.

"ಮುಟ್ಟಬೇಡ," ಎಂದಿತು ಜಮಖಾನ. ನಾಳೆಗೆ ಬಾಡಿಹೋಗುವ ಆ ಹೂಗಳನ್ನು ಒಳಗಿಟ್ಟುಕೊಂಡು, ಒಂದೂ ಉದುರದಂತೆ ಮೆಲ್ಲಗೆ ಮಡಚಿಕೊಂಡಿತು.