ಕಾಜಾಣ ತಿದ್ದಿದ ಹಾಡು

ಪುಟ್ಟ ಹಕ್ಕಿಗೂ ಕೊರಳು ಕೊಟ್ಟು, ಕೇಳುವುದಕ್ಕೆ ನಮಗೆ ಕಿವಿ ಕೊಟ್ಟ ಸ್ವಾಮಿಗೆ ಮೊದಲು ಕೈಮುಗಿಯೋಣ, ಮಕ್ಕಳೇ. ಆಮೇಲೆ ಕತೆ.

ಕಾಡಿನ ಕೆರೆಯ ಪಕ್ಕ ಒಂದು ಹಳೆಯ ಹೊಂಗೆಮರ. ಅದರ ಪೊಟರೆಯಲ್ಲಿ ಮಡಿವಾಳ ಹಕ್ಕಿಯ ಸಂಸಾರವಿತ್ತು. ಮುಸ್ಸಂಜೆ ಅಪ್ಪ ಹಕ್ಕಿ ಹಾಡಲು ಕೂತರೆ ಕೆರೆಯ ಕಪ್ಪೆಗಳೂ ಸುಮ್ಮನಾಗುತ್ತಿದ್ದವು. ದೇವರಿಗೂ ಆ ಹಾಡು ಹಿಡಿಸಿತೋ ಏನೋ, ಒಂದು ಬಿರುಗಾಳಿಯ ದಿನ ಅವನನ್ನು ತನ್ನ ಬಳಿಗೆ ಕರೆಸಿಕೊಂಡ.

ಅಂದಿನಿಂದ ಮರಿ ಪುಟ್ಟಿ ಹುಳ ಮುಟ್ಟಲಿಲ್ಲ, ಕಣ್ಣು ಮುಚ್ಚಲಿಲ್ಲ. ಸೊರಗಿ ಕಡ್ಡಿಯಾದಳು.

"ಆ ಸಂಜೆಗಳೇ ಬೇರೆ," ಎಂದು ಕೆರೆಯ ಆಮೆಜ್ಜ ತಾಯಿ ಹಕ್ಕಿಯ ಮುಂದೆ ನಿಟ್ಟುಸಿರಿಟ್ಟ. "ಮಗೂಗೆ ಬೇಕಾಗಿರೋದು ಅವರಪ್ಪನ ಹಾಡು ಕಣಮ್ಮ. ಕಾಜಾಣನನ್ನು ಕೇಳಿ ನೋಡು. ಯಾರ ದನಿ ಬೇಕಾದರೂ ತೆಗೀತಾನೆ."

ತಾಯಿ ಹಕ್ಕಿ ಹೋಗಿ ಬೇಡಿಕೊಂಡಳು. ಕಾಜಾಣ ಬಾಲ ಕುಣಿಸುತ್ತಾ ಬಂದ. ಹಾಡು ಕೇಳಲು ಕಾಡಿನವರೆಲ್ಲ ಕೆರೆಯ ಬಳಿ ಸೇರಿದರು.

"ಅದೆಷ್ಟರ ಮಾತು ಅಕ್ಕಾ! ಭಾವನ ಹಾಡು ನನಗೆ ಬಾಯಿಪಾಠ."

ಹಾಡಿದ. ಅದೇ ದನಿ, ಅದೇ ಏರಿಳಿತ. ಹಳೆಯದೆಲ್ಲ ನೆನಪಾಗಿ ಆಮೆಜ್ಜನ ಕಣ್ಣು ತೇವವಾಯಿತು. ಪುಟ್ಟಿ ಮಾತ್ರ ಜೋರಾಗಿ ಅತ್ತಳು.

"ಇದು ಅಪ್ಪನ ಹಾಡಲ್ಲ!"

"ಅಲ್ಲವಾ?" ಕಾಜಾಣನಿಗೆ ಸಿಟ್ಟು ಬಂತು. "ಅದಕ್ಕಿಂತ ಚೆನ್ನಾಗಿದೆ ಕಣೇ! ನಿಮ್ಮಪ್ಪ ನಡುನಡುವೆ ನಿಲ್ಲಿಸಿಬಿಡೋರು. ಪಾಪ, ಉಸಿರು ಸಾಲ್ತಿರಲಿಲ್ಲ. ಆ ತಪ್ಪನ್ನೂ ತಿದ್ದಿದ್ದೀನಿ. ತಪ್ಪಿಲ್ಲದೆ ಹಾಡೋದೇ ಕಲೆ, ಗೊತ್ತಾ?"

"ತಪ್ಪಲ್ಲ ಮಾವಾ," ಪುಟ್ಟಿ ಬಿಕ್ಕಿದಳು. "ನಾನು ಮಲಗಿದೆನಾ ಅಂತ ಇಣುಕಿ ನೋಡೋದಕ್ಕೆ ಅಪ್ಪ ನಿಲ್ಲಿಸ್ತಿದ್ದರು."

ಕಾಜಾಣನ ಬಾಲ ಇಳಿಯಿತು. ಅವನು ಇಷ್ಟು ಹೊತ್ತೂ ಕೆರೆಯ ಬಳಿ ಸೇರಿದ್ದವರ ಕಡೆಗೇ ಮುಖ ಮಾಡಿ ಹಾಡಿದ್ದ. ಪೊಟರೆಯತ್ತ ಒಮ್ಮೆಯೂ ತಿರುಗಿರಲಿಲ್ಲ.

ಮೆಲ್ಲಗೆ ಪೊಟರೆಯ ಬಾಯಿಗೆ ಬಂದು ಕೂತ. ಬಾಯಿ ತೆರೆದರೆ ದನಿ ಒಡೆಯಿತು. ಹಾಗೇ ಹಾಡಿದ. ನಡುವೆ ನಿಲ್ಲಿಸಿ ಇಣುಕಿದ.

"ಮಲಗಿದೆಯಾ?"

"ಇಲ್ಲ!" ಪುಟ್ಟಿ ಕಿಲಕ್ಕನೆ ನಕ್ಕಳು. ನಕ್ಕ ಬಾಯಿಗೆ ಅಮ್ಮ ಥಟ್ಟನೆ ಒಂದು ಹುಳ ಇಟ್ಟಳು.

ಮತ್ತೆ ಹಾಡಿದ, ಮತ್ತೆ ಇಣುಕಿದ. "ಈಗ?"

"ಊಹೂಂ..." ಎಂದಳು, ಅರೆಗಣ್ಣಿನಲ್ಲಿ.

ಇನ್ನೊಮ್ಮೆ ಇಣುಕಿದಾಗ ಒಳಗಿನಿಂದ ಉತ್ತರ ಬರಲಿಲ್ಲ.

ನೀತಿ: ತಪ್ಪಿಲ್ಲದೆ ಹಾಡುವುದು ಜಾಣತನ; ಯಾರಿಗಾಗಿ ಹಾಡುತ್ತೇವೋ ಅವರ ಮೇಲೆ ಮನಸ್ಸಿಟ್ಟು ಹಾಡುವುದು ಕಲೆ.

ಕತೆ ಕೇಳಿದ ನಿಮಗೆಲ್ಲ ಒಳ್ಳೆಯದಾಗಲಿ, ಕಂದಗಳಿರಾ. ನೀವು ಮಲಗುವ ಹೊತ್ತಿಗೆ ಆ ಸ್ವಾಮಿ ನಿಮ್ಮ ಮನೆಯತ್ತಲೂ ಒಮ್ಮೆ ಕಣ್ಣು ಹಾಯಿಸಲಿ.