ಊರಬಾಗಿಲ ವೀರಗಲ್ಲು

ಹೊಳೆಯ ದಂಡೆಯ ಮೇಲೆ ಒಂದು ಗುಡಿಸಲಿತ್ತು. ಅಲ್ಲಿ ಕಲಿಮಯ್ಯ ಎಂಬ ಗುರುಗಳಿದ್ದರು. ಕಲ್ಲಿನ ಮೇಲೆ ಬರೆಯುವುದು ಅವರ ವಿದ್ಯೆ. ಸುತ್ತಲಿನ ಊರುಗಳಲ್ಲಿ ಯಾರಾದರೂ ಕಾದಾಡಿ ಸತ್ತರೆ ಅವರ ಹೆಸರಲ್ಲಿ ವೀರಗಲ್ಲು ನಿಲ್ಲಿಸುತ್ತಿದ್ದ ಕಾಲ ಅದು. ಆ ಕಲ್ಲಿಗೆ ಬೇಕಾದ ಮಾತನ್ನು ಗುರುಗಳೇ ಕಟ್ಟಿ, ತಾವೇ ಕೆತ್ತಿ ಕೊಡುತ್ತಿದ್ದರು.

ದೇಕಣ ಎಂಬ ಶಿಷ್ಯ ಹಲವು ವರ್ಷಗಳಿಂದ ಅವರ ಬಳಿ ಕಲಿಯುತ್ತಿದ್ದ.

ವೀರಗಲ್ಲಿನ ಬರಹಕ್ಕೆ ಒಂದು ವರಸೆ ಇತ್ತು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಡೆದದ್ದೆಲ್ಲ ಅದರಿಂದಲೇ ನಡೆಯಿತು. ಮೊದಲು ಆಳುವ ದೊರೆಯ ಮಾತು. ಆಮೇಲೆ ಊರನ್ನು ಕಾಯುವ ಗಾವುಂಡನ, ಅಂದರೆ ಊರೊಡೆಯನ ಹೆಸರು. ಆಮೇಲೆ ಸತ್ತವನ ಹೆಸರು. ಅವನು ಹಲವರನ್ನು ಕೊಂದು ತಾನೂ ಸತ್ತನೆಂದು ಒಂದು ಪದ್ಯ. ದೇವಕನ್ಯೆಯರು ಬಂದು ಅವನನ್ನು ಸುರಲೋಕಕ್ಕೆ ಕರೆದೊಯ್ದರೆಂದು ಒಂದು ಸಾಲು. ಕಡೆಗೆ, ಕಲ್ಲನ್ನು ಕೆಡಿಸಿದವರಿಗೆ ಶಾಪ.

ಓದು ಬಾರದವರಿಗೂ ಇದು ಬಾಯಿಪಾಠವಾಗಿತ್ತು. ಪ್ರತಿ ಕಲ್ಲು ನಿಲ್ಲಿಸುವಾಗಲೂ ಊರಿನವರ ಮುಂದೆ ಗಟ್ಟಿಯಾಗಿ ಓದುತ್ತಿದ್ದರಲ್ಲ, ಹಾಗೆ ಕೇಳಿ ಕೇಳಿ ಬಂದದ್ದು.

ದೇಕಣನಿಗೆ ಮೊದಮೊದಲು ಈ ವರಸೆ ಬೇಸರ ತರಿಸುತ್ತಿತ್ತು. ಒಮ್ಮೆ, ಹೊಸದಾಗಿರಲಿ ಎಂದು, ಶಾಪವನ್ನೇ ಮೊದಲು ಬರೆದು ತಂದಿದ್ದ.

ಗುರುಗಳು ಓಲೆಯನ್ನು ಓದಿದರು. "ಯಾಕೆ ಹೀಗೆ?"

"ಎಲ್ಲರ ಹಾಗೇ ಬರೆದರೆ ಯಾರು ನೋಡ್ತಾರೆ, ಗುರುಗಳೇ?"

"ಯಾರನ್ನು ನೋಡಬೇಕು? ಸತ್ತವನನ್ನೋ, ನಿನ್ನನ್ನೋ?"

ದೇಕಣ ಓಲೆಯನ್ನು ಹಿಂದಕ್ಕೆ ಪಡೆಯಲು ಕೈ ಚಾಚಿದ.

"ಉಣ್ಣೋಕೆ ಕರೆದ ನೆಂಟರನ್ನು ಹೊಸಿಲಲ್ಲೇ ನಿಲ್ಲಿಸಿ ಬೈದ ಹಾಗಿದೆ" ಎಂದು ಗುರುಗಳು ಓಲೆಯನ್ನು ಬೆಂಕಿಗೆ ಹಾಕಿದರು.

ಅಂದಿನಿಂದ ದೇಕಣ ವರಸೆ ತಪ್ಪಲಿಲ್ಲ.

ಒಂದು ದಿನ ಹೊಳೆಯಾಚೆಯ ಊರಿನ ಎರೆಯಮ ಗಾವುಂಡ ಬಂದ. ಜೊತೆಗೆ ಆಳುಗಳಿದ್ದರು.

"ದನಗಳ್ಳರು ಬಂದಿದ್ದರು" ಎಂದ. "ದನ ಕಾಯೋರು ಮೂವರು ಸತ್ತರು. ಒಳ್ಳೇ ಕಲ್ಲು ಆಗಬೇಕು."

"ಹೇಗೆ ಸತ್ತರು?" ಎಂದು ಗುರುಗಳು ಕೇಳಿದರು.

ಗಾವುಂಡ ಹೊಳೆಯ ಕಡೆ ನೋಡಿದ. "ವೀರಗಲ್ಲು ಕೇಳ್ತಿದ್ದೀನಿ ಅಂದ ಮೇಲೆ ಇನ್ನು ಹೇಗೆ ಸಾಯ್ತಾರೆ? ಕಾದಾಡಿ ಸತ್ತರು."

ಅವನು ಹೋದ ಮೇಲೆ ಗುರುಗಳು ಶಿಷ್ಯನ ಕಡೆ ತಿರುಗಿದರು. "ಈ ಕಲ್ಲು ನಿನ್ನದು."

ಅದು ದೇಕಣನ ಮೊದಲ ಕಲ್ಲು. ಬರೆದ, ಅಳಿಸಿದ, ಮತ್ತೆ ಬರೆದ. ಕಡೆಗೊಂದು ಪದ್ಯ ಕೂಡಿ ಬಂತು. ಅದರಲ್ಲಿ ಮೂವರೂ ಕತ್ತಿ ಝಳಪಿಸಿದರು, ಕಳ್ಳರ ತಲೆಗಳು ತಾಳೆಹಣ್ಣಿನ ಹಾಗೆ ಉರುಳಿದವು. ಒಂದು ಮಾತ್ರೆ ಹೆಚ್ಚಿರಲಿಲ್ಲ, ಒಂದು ಕಡಿಮೆ ಇರಲಿಲ್ಲ.

ಗುರುಗಳು ಕೇಳಿ, "ತಪ್ಪಿಲ್ಲ" ಎಂದರು.

"ಚೆನ್ನಾಗಿದೆಯೇ, ಗುರುಗಳೇ?"

"ತಪ್ಪಿಲ್ಲ ಅಂದೆನಲ್ಲ. ಹೋಗಿ ಸತ್ತವರ ಮನೆಯವರಿಗೆ ಓದಿ ಬಾ. ಅವರು ಹೂಂ ಅನ್ನೋವರೆಗೆ ಉಳಿ ಮುಟ್ಟೋ ಹಾಗಿಲ್ಲ."

ದೇಕಣ ಹೊಳೆ ದಾಟಿ ಆ ಊರಿಗೆ ಹೋದ. ಸತ್ತವರು ಬಿಟ್ಟಿಗ, ಕೇತ, ಸಿರಿಯ. ಬಿಟ್ಟಿಗನ ಅಪ್ಪ ತಲೆ ಬಗ್ಗಿಸಿಕೊಂಡು ಕೇಳಿ, ಹೂಂ ಅಂದ. ಕೇತನ ಹೆಂಡತಿ ಮುಖ ಎತ್ತದೆ ಹೂಂ ಅಂದಳು.

ಸಿರಿಯನ ತಾಯಿ ಕಾಳವ್ವೆ ಜಗಲಿಯ ಮೇಲೆ ಕೂತು ನಾರು ಹೊಸೆಯುತ್ತಿದ್ದಳು. ಕೊನೆಯವರೆಗೂ ಕೇಳಿದಳು.

"ಇದು ಯಾರ ಸುದ್ದಿ?" ಎಂದಳು.

"ನಿನ್ನ ಮಗನದು, ಅವ್ವಾ."

"ಅವನ ಕೈಗೆ ಕತ್ತಿ ಕೊಟ್ಟೋರು ಯಾರು?"

"ವೀರಗಲ್ಲು ಅಂದ ಮೇಲೆ ಕತ್ತಿ ಇರಲೇಬೇಕು. ಅದು ಪದ್ಧತಿ."

"ಅವನ ಹತ್ರ ಒಂದು ಕೋಲಿತ್ತು. ಓಡಿ ಬರೋವಾಗ ಅದನ್ನೂ ಎಸೆದಿದ್ದ. ಆಮೇಲೆ ಹೊಲದಲ್ಲಿ ಸಿಕ್ತು."

"ಓಡಿ ಬಂದನೇ?"

"ಇನ್ನೇನು ಮಾಡ್ತಾನಪ್ಪ, ನಿನ್ನ ಹಾಗೆ ಪದ್ಯ ಹೇಳ್ಕೊಂಡು ನಿಲ್ತಾನಾ? ಮೂರು ಜನಾನೂ ಓಡಿ ಬಂದ್ರು. ಊರಬಾಗಿಲು ಹಾಕಿತ್ತು. ತಟ್ಟಿದ್ರು."

ದೇಕಣನ ಕೈಯಲ್ಲಿದ್ದ ಓಲೆ ಕೆಳಗಿಳಿಯಿತು. "ಗಾವುಂಡರು ತೆಗೆಸಲಿಲ್ಲವೇ?"

"ಹಿಂದೇನೇ ಕಳ್ಳರ ಕುದುರೆ ಬರ್ತಿದ್ವು. ತೆಗೆದಿದ್ರೆ ಊರೊಳಗೇ ನುಗ್ತಿದ್ರು ಅಂತಾರೆ. ಇರಬಹುದು. ನಂಗೆ ಗೊತ್ತಿಲ್ಲ."

ಅವಳು ನಾರನ್ನು ಮಡಿಲಿಗೆ ಹಾಕಿಕೊಂಡಳು.

"ಅಗುಳಿ ಗಟ್ಟಿ ಇರಲಿಲ್ಲ. ಬಾಗಿಲಿಗೆ ಊರೋರೆಲ್ಲ ಬೆನ್ನು ಕೊಟ್ಟು ನಿಂತಿದ್ವಿ. ನಾನೂ ನಿಂತಿದ್ದೆ. ಅವನ ದನಿ ಗುರುತು ಸಿಕ್ತು. ತೆಗೀರಿ, ತೆಗೀರಿ ಅಂತ ಕೂಗಿದೆ. ಕಂಕುಳಲ್ಲಿ ಮಗಳ ಕೂಸಿತ್ತು. ಆಮೇಲೆ ಕೂಗೋದು ಬಿಟ್ಟೆ. ಬೆನ್ನು ಮಾತ್ರ ತೆಗೀಲಿಲ್ಲ. ಅವನು ತಟ್ಟೋದು ನನ್ನ ಬೆನ್ನಿಗೆ ಗೊತ್ತಾಗ್ತಿತ್ತು."

"ಅವ್ವಾ, ಈ ಪದ್ಯದಿಂದ ನಿನಗೆ ಸಮಾಧಾನ ಆಗಲಿ ಅಂತ..."

"ನಂಗಲ್ಲ, ಊರಿಗೆ ಆಗುತ್ತೆ. ಅವನು ಕತ್ತಿ ಹಿಡಿದು ಸತ್ತ ಅಂದ್ರೆ ನಾವು ಯಾರೂ ಬಾಗಿಲು ಹಾಕಲೇ ಇಲ್ಲ ಅಂತಾಯ್ತು. ನಾನು ಹೂಂ ಅನ್ನಲ್ಲ. ಹೋಗು."

ದೇಕಣ ಗುಡಿಸಲಿಗೆ ಬಂದವನೇ ಪದ್ಯವನ್ನು ಹರಿದು ಹಾಕಿದ. ಊಟಕ್ಕೂ ಏಳದೆ ಬರೆಯಲು ಕೂತ. ಈ ಸಲ ವರಸೆ ಇಟ್ಟುಕೊಳ್ಳಲಿಲ್ಲ. ದೊರೆಯ ಮಾತು ಬಿಟ್ಟ, ಸುರಲೋಕ ಬಿಟ್ಟ. ಗಾವುಂಡ ಹೇಡಿ ಎಂದು ಬರೆದ. ಬಾಗಿಲು ಯಾವ ಮರದ್ದು, ಅಗುಳಿ ಯಾಕೆ ಸಡಿಲವಾಗಿತ್ತು, ಕುದುರೆಗಳು ಎಷ್ಟು ದೂರದಲ್ಲಿದ್ದವು, ಬಾಗಿಲು ಹಾಕಿದ್ದು ಹೇಗೆ ಪಾಪವಾಯಿತು, ಓದಿದವರು ಇದರಿಂದ ಏನು ಕಲಿಯಬೇಕು ಎಂದು ಎಲ್ಲವನ್ನೂ ಬರೆದ. ಯಾರಿಗೂ ಯಾವ ಅನುಮಾನವೂ ಉಳಿಯಬಾರದು ಎಂಬುದು ಅವನ ಆಸೆ.

ಗುರುಗಳು ಓಲೆಯ ಕಟ್ಟನ್ನು ಕೈಯಲ್ಲಿ ತೂಗಿ ನೋಡಿದರು.

"ಇದಕ್ಕೆ ಕಲ್ಲು ಸಾಲದು. ಗುಡ್ಡ ಹುಡುಕಬೇಕು."

"ನಿಜ ಬರೆದಿದ್ದೇನೆ, ಗುರುಗಳೇ. ಸುಳ್ಳು ಹೇಳಿಸುವ ನಿಯಮ ನಮಗೆ ಯಾಕೆ?"

"ದೊರೆ ಆಳ್ತಿರೋದು ಸುಳ್ಳೇ?"

"ಅಲ್ಲ."

"ಮತ್ತೆ ಅವನನ್ನು ಯಾಕೆ ಬಿಟ್ಟೆ?"

"ಎಲ್ಲಾ ನಿಯಮವನ್ನೂ ಮುರಿಯಬೇಕು ಅಂತ..."

"ಬಾಗಿಲ ಹಿಂದೆ ಗಾವುಂಡ ಒಬ್ಬನೇ ನಿಂತಿದ್ದನೇ?"

ದೇಕಣ ತಲೆ ತಗ್ಗಿಸಿದ. "ಇಲ್ಲ."

ಗುರುಗಳು ಓಲೆಗಳನ್ನು ಒಂದೊಂದಾಗಿ ತಿರುವಿದರು. "ಸತ್ತವರ ಹೆಸರು ಎಲ್ಲಿದೆ?"

ದೇಕಣ ಕಟ್ಟನ್ನು ಇಸಿದುಕೊಂಡು ಹುಡುಕಿದ. ಮೊದಲಿನಿಂದ ಹುಡುಕಿದ, ಹಿಂದಿನಿಂದ ಹುಡುಕಿದ. ಇಷ್ಟೆಲ್ಲ ಬರೆದವನು ಆ ಮೂವರ ಹೆಸರನ್ನೇ ಬರೆದಿರಲಿಲ್ಲ.

"ಹಾಗಾದರೆ ನಾನು ಏನು ಬರೆಯಲಿ?"

"ಹೋಗಿ ನೀರು ತಾ" ಎಂದರು ಗುರುಗಳು.

ಅವನು ಕೊಡ ತುಂಬಿಕೊಂಡು ಬಂದಾಗ ಗುಡಿಸಲ ಬಾಗಿಲು ಹಾಕಿತ್ತು. ದೂಡಿದ. ಒಳಗಿನಿಂದ ಭದ್ರ ಮಾಡಿದ್ದರು. ತಟ್ಟಿದ.

"ಏನು ಮಾಡ್ತಿದ್ದೀಯ?" ಎಂದು ಒಳಗಿನಿಂದ ದನಿ ಬಂತು.

"ನಾನು, ಗುರುಗಳೇ, ದೇಕಣ. ನೀರು ತಂದಿದ್ದೇನೆ. ನೀವೇ ಹೇಳಿದ್ದಿರಲ್ಲ, ಅದಕ್ಕೇ ಹೋಗಿದ್ದೆ. ದಾರಿಯಲ್ಲಿ ಕೆಸರು, ಸ್ವಲ್ಪ ತಡವಾಯ್ತು..."

"ಅದನ್ನೆಲ್ಲ ಕೇಳಲಿಲ್ಲ. ಏನು ಮಾಡ್ತಿದ್ದೀಯ?"

"ಕೊಡ ಭಾರವಾಗಿದೆ, ತೋಳು ಸೋತಿದೆ, ಬಾಗಿಲು ತೆಗೆದರೆ..."

"ಏನು ಮಾಡ್ತಿದ್ದೀಯ?"

ದೇಕಣ ಬಾಗಿಲ ಹಲಗೆಯನ್ನೇ ನೋಡುತ್ತ ನಿಂತ.

"ಬಾಗಿಲು ತಟ್ತಿದ್ದೇನೆ" ಎಂದ.

ಒಳಗಿನಿಂದ ಮತ್ತೆ ದನಿ ಬರಲಿಲ್ಲ. ಬಾಗಿಲೂ ತೆರೆಯಲಿಲ್ಲ. ಅವನು ಕೊಡವನ್ನು ಕೆಳಗಿಟ್ಟು, ಅಲ್ಲೇ ಕುಕ್ಕರಿಸಿ, ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡ.

ಮರುದಿನ ಅವನು ತಂದ ಓಲೆ ಒಂದೇ ಒಂದು. ಅದರಲ್ಲಿ ಹೀಗಿತ್ತು:

*ದೊರೆಯು ನಾಡನ್ನು ಆಳುತ್ತಿರಲು, ಎರೆಯಮ ಗಾವುಂಡನು ಊರನ್ನು ಕಾಯುತ್ತಿರಲು, ದನ ಕಾಯುವ ಸಿರಿಯ, ಬಿಟ್ಟಿಗ, ಕೇತ ಎಂಬವರು ಊರಬಾಗಿಲನ್ನು ತಟ್ಟುತ್ತ ಸತ್ತರು. ದೇವಕನ್ಯೆಯರು ಬಂದು ಅವರನ್ನು ಸುರಲೋಕಕ್ಕೆ ಕರೆದೊಯ್ದರು. ಈ ಕಲ್ಲನ್ನು ಕೆಡಿಸಿದವರು ಕೆಡಲಿ.*

ಗುರುಗಳು ಓದಿ ಮುಗಿಸಿದರು. ದೇಕಣನಿಗೆ ತಡೆಯಲಾಗಲಿಲ್ಲ.

"ಪದ್ಯ ಇರಬೇಕಾದ ಕಡೆ ಪದ್ಯ ಇಲ್ಲ, ಗುರುಗಳೇ. ಓದುವವರು ಅಲ್ಲಿ ಎಡವುತ್ತಾರೆ."

"ಎಡವಲಿ. ಉಳಿದ ದಾರಿ ಸಮ ಇದ್ದರೇನೇ ಎಡವೋದು."

"ದೇವಕನ್ಯೆಯರನ್ನು ಬಿಡೋಕೆ ಮನಸ್ಸು ಬರಲಿಲ್ಲ. ಅದು ಸುಳ್ಳಾಗುತ್ತೇನೋ."

"ಅವರು ಬರಲಿಲ್ಲ ಅನ್ನೋದನ್ನು ನೀನು ನೋಡಿದೆಯಾ?"

"ಇಲ್ಲ."

"ಹಾಗಾದರೆ ಇರಲಿ."

ದೇಕಣ ಮತ್ತೆ ಹೊಳೆ ದಾಟಿದ. ಬಿಟ್ಟಿಗನ ಅಪ್ಪ ಕೇಳಿದವನು ಗಾವುಂಡನ ಮನೆಯ ಕಡೆ ಒಮ್ಮೆ ನೋಡಿದ. "ನಾನೂ ಬೆನ್ನು ಕೊಟ್ಟಿದ್ದೆ" ಎಂದ. ಆಮೇಲೆ ಹೂಂ ಅಂದ. ಕೇತನ ಹೆಂಡತಿ ಈ ಸಲ ಮುಖ ಎತ್ತಿ ಹೂಂ ಅಂದಳು.

ಕಾಳವ್ವೆ, "ಆ ಬಾಗಿಲಿನ ಮಾತನ್ನು ಇನ್ನೊಂದು ಸಲ ಓದು" ಎಂದಳು.

ದೇಕಣ ಓದಿದ.

"ಹೂಂ" ಎಂದು ಅವಳು ಎದ್ದು ಒಳಗೆ ಹೋದಳು.

ಕಲ್ಲು ಕೆತ್ತಿ ಆಯಿತು. ಅದನ್ನು ಗಾಡಿಯಲ್ಲಿ ತಂದು ಊರಬಾಗಿಲ ಪಕ್ಕದಲ್ಲೇ ನಿಲ್ಲಿಸಿದರು. ಊರೆಲ್ಲ ಸೇರಿತು. ಬರೆದವನೇ ಓದಬೇಕಾದ್ದರಿಂದ ದೇಕಣ ಮುಂದೆ ಬಂದ. ಗುರುಗಳು ಅವನ ಪಕ್ಕದಲ್ಲಿ ನಿಂತರು.

"ದೊರೆಯು ನಾಡನ್ನು ಆಳುತ್ತಿರಲು..."

ಜನರ ತುಟಿಗಳೂ ಅವನ ಜೊತೆಗೇ ಅಲುಗಿದವು. ಅವರಿಗೆ ಬಾಯಿಪಾಠವಲ್ಲವೇ? ಗಾವುಂಡನ ಹೆಸರು ಬಂದಾಗ ಅವನು ಎದೆ ಸೆಟೆದು ನಿಂತ. ಮೂವರ ಹೆಸರು ಬಂತು. ಮುಂದೆ ಕತ್ತಿ ಬರುತ್ತದೆ ಎಂದು ಎಲ್ಲರ ಬಾಯಿಯೂ ಸಿದ್ಧವಾಗಿತ್ತು. "ಹಲವರನ್ನು ಕೊಂದು" ಎಂದು ಕೆಲವರು ಮೊದಲೇ ಅಂದುಬಿಟ್ಟರು.

"ಊರಬಾಗಿಲನ್ನು ತಟ್ಟುತ್ತ ಸತ್ತರು" ಎಂದು ದೇಕಣ ಓದಿದ.

ದನಿಗಳು ಅಲ್ಲೇ ನಿಂತವು. ದೇವಕನ್ಯೆಯರ ಸಾಲನ್ನೂ ಶಾಪವನ್ನೂ ದೇಕಣ ಒಬ್ಬನೇ ಓದಿ ಮುಗಿಸಬೇಕಾಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎಲ್ಲೋ ಹಿಂದೆ ಒಬ್ಬ ಗಂಡಸು ಬಿಕ್ಕಿದ.

ಎರೆಯಮ ಗಾವುಂಡ ಮುಂದೆ ಬಂದ. "ಗುರುಗಳೇ, ಇದು ವೀರಗಲ್ಲಲ್ಲಿ ಬರೆಯೋ ಮಾತಲ್ಲ."

"ಸುಳ್ಳೇ, ಗಾವುಂಡರೇ?"

"ಸುಳ್ಳು ಅಂತ ಯಾರು ಅಂದರು? ಆ ಬಾಗಿಲು ತೆಗೆದಿದ್ದರೆ ಇವತ್ತು ಇಲ್ಲಿ ನಿಂತಿರೋರು ಒಬ್ಬರೂ ಉಳೀತಿರಲಿಲ್ಲ. ಇವರ ಮಕ್ಕಳೂ ಉಳೀತಿರಲಿಲ್ಲ. ಅದನ್ನು ಯಾಕೆ ಬರೆದಿಲ್ಲ?"

ಅದು ನಿಜವೂ ಇರಬಹುದಾಗಿತ್ತು.

"ಆ ಸಾಲು ಹೋಗಬೇಕು" ಎಂದ ಗಾವುಂಡ. "ಇವತ್ತೇ ಹೋಗಬೇಕು. ಇಲ್ಲದಿದ್ದರೆ ಬರೆದ ಕೈ ಹೋಗುತ್ತೆ."

ಅವನ ಆಳುಗಳು ದೇಕಣನ ಮುಂಗೈ ಹಿಡಿದು ಗಾಡಿಯ ಮೂಕಿಮರಕ್ಕೆ ಒತ್ತಿದರು. ಒಬ್ಬನ ಕೈಯಲ್ಲಿ ಮಚ್ಚಿತ್ತು.

"ಬೇಕಿದ್ದರೆ ನೀವೇ ಅಳಿಸಿ" ಎಂದ ದೇಕಣ.

"ಕಡೆಗೆ ಶಾಪ ಬರೆದಿದ್ದೀಯಲ್ಲ, ಜಾಣ! ನಾನು ಯಾಕೆ ಮುಟ್ಟಲಿ? ಬರೆದವನೇ ಅಳಿಸಲಿ."

"ಅಳಿಸಿದ ಜಾಗ ತಗ್ಗಾಗುತ್ತೆ" ಎಂದರು ಗುರುಗಳು. "ಅಲ್ಲಿ ಬೇರೆ ಮಾತು ಕೂರೋದಿಲ್ಲ."

"ಖಾಲಿ ಬಿದ್ದಿರಲಿ."

ಜನರ ನಡುವಿನಿಂದ ಕಾಳವ್ವೆ ಬಂದು ಕಲ್ಲಿನ ಮುಂದೆ ನಿಂತಳು. ಮೇಲಿನಿಂದ ಕೆಳಗೆ ನೋಡಿದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

"ಇದರಲ್ಲಿ ಯಾವುದಪ್ಪ, ನನ್ನ ಮಗನ ಸಾಲು?" ಎಂದಳು. "ಅಳಿಸೋ ಮುಂಚೆ ತೋರಿಸು. ನಂಗೆ ಎಲ್ಲಾ ಒಂದೇ ಥರ ಕಾಣುತ್ತೆ."

ಆಳುಗಳ ಹಿಡಿತ ಸಡಿಲವಾಯಿತು; ದೇಕಣ ಕೈ ಬಿಡಿಸಿಕೊಂಡು ಆ ಸಾಲನ್ನು ತೋರಿಸಿದ. ಆಮೇಲೆ ಗುರುಗಳ ಕಡೆ ತಿರುಗಿದ. ಅವನ ಕಣ್ಣಲ್ಲಿ ನೀರಿತ್ತು.

"ಕೈ ಹೋದರೆ ಹೋಗಲಿ, ಗುರುಗಳೇ. ನಾನು ಅಳಿಸಲ್ಲ."

ಗುರುಗಳು ಬಗ್ಗಿ ಚೀಲದಿಂದ ಉಳಿ ತೆಗೆದರು. ಅದರ ಮೊನೆಯನ್ನು ಹೆಬ್ಬೆರಳಿಂದ ನೋಡಿದರು. ಶಿಷ್ಯನ ಕೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

"ಕೆತ್ತಿ ತೆಗೆ, ಮಗಾ. ಆಳವಾಗಿ ತೆಗೆ. ಇಷ್ಟು ಹೊತ್ತು ಅದು ಓದು ಬಲ್ಲವರಿಗಷ್ಟೇ ಕಾಣ್ತಿತ್ತು."