ತಹಶೀಲ್ದಾರರ ಲಿಖಿತ ಆದೇಶ

ಚನ್ನಪಟ್ಟಣದ ಒಂದು ಆಟಿಕೆ ಅಂಗಡಿಯಲ್ಲಿ ಶಾಹೀನಾಳ ಕೆಲಸ ಆನ್‌ಲೈನ್ ಗಿರಾಕಿಗಳಿಗೆ ಫೋನಿನಲ್ಲಿ ನೆರವಾಗುವುದು. ಒಂದು ದಿನ ನಿವೃತ್ತ ತಹಶೀಲ್ದಾರ್ ಮರಿಬಸಪ್ಪನವರು ಮೊಮ್ಮಗಳಿಗೆಂದು ಮರದ ಕುದುರೆ ಆರಿಸಿ, ಕಾರ್ಡಿನ ವಿವರ ತುಂಬಿ, ಫೋನ್ ಮಾಡಿದರು.

"ಬ್ಯಾಂಕಿನಿಂದ ಒಟಿಪಿ ಬಂದಿದೆ. ಹೇಳ್ತೀನಿ, ನೀನೇ ಹಾಕಮ್ಮ."

ಒಟಿಪಿ ಎಂದರೆ ಆ ಒಂದು ಖರೀದಿಗೆ ಮಾತ್ರ ಬ್ಯಾಂಕು ಕಳಿಸುವ ಗುಟ್ಟಿನ ಸಂಖ್ಯೆ. ಅದು ಬರುವುದು ಕಾರ್ಡಿನ ಒಡೆಯರ ಫೋನಿಗೆ, ಹಾಗಾಗಿ ಕಾರ್ಡು ಕದ್ದವನಿಗೆ ಸಿಗುವುದಿಲ್ಲ. ಅದನ್ನು ಇನ್ನೊಬ್ಬರಿಗೆ ಹೇಳುವುದೆಂದರೆ ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಬೀದಿಗೆ ಎಸೆದಂತೆ.

"ಬೇಡ ಸಾರ್, ನೀವೇ ಹಾಕಿ."

"ನನಗೇ ಬುದ್ಧಿ ಹೇಳ್ತೀಯಾ? ಮಾಲೀಕರಿಗೆ ಹೇಳಿ ಕೆಲಸದಿಂದ ತೆಗೆಸ್ತೀನಿ. ಬಾಯಿಮಾತು ಕೇಳೋನಲ್ಲ ನಾನು. ಲಿಖಿತ ಆದೇಶ ಇದ್ರೆ ತೋರಿಸು."

ಅವರ ಮಾತು ಕೇಳದಿದ್ದರೆ ಕೆಲಸ ಹೋಗುತ್ತದೆ. ಕೇಳಿದರೆ, ನಾಳೆ ಅವರ ದುಡ್ಡು ಎಲ್ಲಿ ಹೋದರೂ ಅನುಮಾನ ತನ್ನ ಮೇಲೆ. ಶಾಹೀನಾ ಒಂದು ಗಳಿಗೆ ಯೋಚಿಸಿದಳು.

"ಆದೇಶ ನಿಮ್ಮ ಕೈಯಲ್ಲೇ ಇದೆ ಸಾರ್. ಆ ಮೆಸೇಜಿನ ಕೊನೆಯ ಸಾಲು ಮಾತ್ರ ಗಟ್ಟಿಯಾಗಿ ಓದಿ."

ತಹಶೀಲ್ದಾರರು ಗಂಟಲು ಸರಿಮಾಡಿಕೊಂಡು ಓದಿದರು. "ಈ ಸಂಖ್ಯೆಯನ್ನು ಯಾರಿಗೂ ತಿಳಿಸತಕ್ಕದ್ದಲ್ಲ."

ಆಮೇಲೆ ಆ ಕಡೆಯಿಂದ ಒಂದೊಂದೇ ಗುಂಡಿ ಒತ್ತುವ ಸದ್ದು ಕೇಳಿಸಿತು.

"ಹಣ ಸಂದಾಯವಾಯ್ತು," ಎಂದರು, ಮೆಲ್ಲಗೆ.

"ಕುದುರೆ ನಾಳೆನೇ ಹೊರಡುತ್ತೆ ಸಾರ್. ಅಂದ ಹಾಗೆ, ಸಂಖ್ಯೆ ಎಷ್ಟಿತ್ತು?"

"ಹೇಳೋ ಹಾಗಿಲ್ಲಮ್ಮ. ಲಿಖಿತ ಆದೇಶ ಇದೆ."